ಟವೆಲ್ ತುರುಕಿದ ತೂತು

ಫೆಬ್ರವರಿ ೪

ನನ್ನ ತಲೆಯ ಮೇಲೆಯೇ ಮೇಜು ಕುರ್ಚಿ ಹಾಕಿಕೊಂಡು ಕೂತಿರುವ ತಮ್ಮನಿಗೆ,

ಕೆಳಗಿನ ಮನೆಯಿಂದ ಮೇಲಿನ ಮನೆಗೆ ಕಾಗದ ಬರೆಯುವ ಕಾಲ ಬಂತಲ್ಲ ಎಂದು ನನಗೇ ನಾಚಿಕೆಯಾಗುತ್ತಿದೆ. ಏನು ಮಾಡಲಿ? ಫೋನ್ ಮಾಡೋಣವೆಂದರೆ ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀಯ. ನಿನ್ನ ಅತ್ತಿಗೆಯ ಕೈಲಿ ಹೇಳಿ ಕಳಿಸೋಣವೆಂದರೆ ಅವಳದೊಂದು ಕಾನೂನು. ಕೋರ್ಟಿನಲ್ಲಿ ಸ್ಟೆನೋ ಆಗಿ ಇಡೀ ದಿನ ಊರವರ ಜಗಳ ಬರೆದುಕೊಂಡು ಬರುವವಳಿಗೆ ಮನೆಯಲ್ಲೂ ಬಾಯಿಮಾತಿನ ಮೇಲೆ ನಂಬಿಕೆಯಿಲ್ಲ. "ಅವ್ನಿಗೆ ಹೇಳು, ಇವ್ರಿಗೆ ಹೇಳು ಅಂತ ನನ್ನ ಅಟ್ಟಬೇಡಿ. ನಾನು ಹೇಳೋದೊಂದು, ನೀವು ಕೇಳಿಸ್ಕೊಳೋದೊಂದು. ಬರೆದು, ತಾರೀಕು ಹಾಕಿ, ಸಹಿ ಮಾಡಿ ಕೊಡಿ, ತಗೊಂಡು ಹೋಗ್ತೀನಿ" ಎಂದಿದ್ದಾಳೆ. ಅದಕ್ಕೇ ಈ ಕಾಗದ.

ವಿಷಯಕ್ಕೆ ಬರುತ್ತೇನೆ. ಇವತ್ತಿನಿಂದ ಅವಳು ಡಿಸ್ಕ್ ಹೊರುವುದಿಲ್ಲವಂತೆ. ನಾನು ಕೆಳಗೆ ಜನರ ಹಳೇ ಸಿನಿಮಾ ರೀಲುಗಳನ್ನು ಸ್ಕ್ಯಾನ್ ಮಾಡುವುದು, ಅದನ್ನು ಡಿಸ್ಕಿಗೆ ತುಂಬುವುದು, ಅವಳು ಮೆಟ್ಟಿಲು ಹತ್ತಿ ನಿನ್ನ ಮೇಜಿನ ಮೇಲಿಡುವುದು, ನೀನು ಕೊಳೆ ತೆಗೆದು, ಬಣ್ಣ ತಿದ್ದಿ, ಮತ್ತೆ ಅವಳ ಕೈಗೇ ಕೊಡುವುದು. ನಿನ್ನೆ ಮಂಡಿ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತು, "ಈ ಮನೇಲಿ ನೆಟ್‌ವರ್ಕ್ ಅಂದ್ರೆ ನಾನೇನಾ?" ಎಂದು ಕೇಳಿದಳು.

ಮನೆಯಲ್ಲಿರುವ ವೈಫೈನಲ್ಲಿ ಕಳಿಸೋಣವೆಂದರೆ ಒಂದು ರೀಲು ಬೆಳಗ್ಗೆ ಹೊರಟು ಮಧ್ಯಾಹ್ನದ ಊಟ ಮುಗಿದರೂ ಮೇಲೆ ಸೇರುವುದಿಲ್ಲ. ಹಾಗಾಗಿ ಎರಡು ಕಂಪ್ಯೂಟರಿಗೂ ವೇಗದ ನೆಟ್‌ವರ್ಕ್ ಕಾರ್ಡ್ ಹಾಕಿ, ನಡುವೆ ನೇರವಾಗಿ ಒಂದು ಕೇಬಲ್ ಎಳೆಯಬೇಕು. ಯಾವ ಕಾರ್ಡು ಎಂದು ನೀನು ಬರೆದು ತಿಳಿಸು. ಕೇಬಲ್ಲಿಗೆ ದಾರಿ ಹೇಗೂ ಇದೆ: ನಿನ್ನ ನೆಲದಲ್ಲಿ, ನನ್ನ ಸೂರಿನಲ್ಲಿ, ಹಳೇ ನೀರಿನ ಪೈಪು ತೆಗೆದ ಆ ತೂತು. ಅಲ್ಲಿಂದಲೇ ಅಲ್ಲವೇ ಇಷ್ಟು ವರ್ಷ ನಾವು ಕೂಗಿ ಮಾತಾಡಿಕೊಂಡದ್ದು. ಈಗ ನೀನು ಅದಕ್ಕೆ ಟವೆಲ್ ತುರುಕಿದ್ದೀಯ. ಮೌನ ನಿನ್ನಿಷ್ಟ. ಆದರೆ ಟವೆಲ್ ನನ್ನದು.

ನಿನ್ನ ಅಣ್ಣ


ಫೆಬ್ರವರಿ ೬

ನನ್ನ ಕಾಲಡಿಯಲ್ಲಿ ಅಂಗಡಿ ಇಟ್ಟಿರುವ ಅಣ್ಣನವರಿಗೆ ನಮಸ್ಕಾರ.

ತಮ್ಮ ಕಾಗದ ತಲುಪಿತು. ತಮಗೆ ಕೊನೆಗೂ ನನ್ನ ಸಲಹೆ ಬೇಕಾಯಿತಲ್ಲ, ಸಂತೋಷ. ತಾಮ್ರದ ಕೇಬಲ್ ಹಾಕುವ ಕಾರ್ಡು ತೆಗೆದುಕೊಳ್ಳಿ. ಮಾಮೂಲಿ ನೆಟ್‌ವರ್ಕ್ ಕೇಬಲ್ಲಿನಂತೆಯೇ ಇರುತ್ತದೆ, ಅದೇ ಪಿನ್ನು, ಚುಚ್ಚಿದರೆ ಟಕ್ ಎಂದು ಕೂರುತ್ತದೆ. ತಮ್ಮ ಕಂಪ್ಯೂಟರಿಗೆ ತಾವು ತನ್ನಿ, ನನ್ನದಕ್ಕೆ ನಾನು ತರುತ್ತೇನೆ. ಒಬ್ಬರ ಹಂಗು ಒಬ್ಬರಿಗೆ ಬೇಡ.

ಆದರೆ ಇದೆಲ್ಲ ಎಷ್ಟು ದಿನಕ್ಕೆ ಎಂಬುದನ್ನೂ ತಿಳಿಸಿಬಿಡುತ್ತೇನೆ. ಬೇಕರಿಯ ಮೇಲಿನ ರೂಮು ಏಪ್ರಿಲ್‌ಗೆ ಖಾಲಿಯಾಗುತ್ತದೆ. ನೋಡಿ ಬಂದಿದ್ದೇನೆ. ಕಿಟಕಿ ಚೆನ್ನಾಗಿದೆ. ಅಲ್ಲಿ ನನ್ನ ಕೆಲಸ ನಾನು ಮಾಡಿಕೊಳ್ಳುತ್ತೇನೆ, ತಮಗೆ ಬೇರೆ ಎಡಿಟರ್ ಸಿಕ್ಕೇ ಸಿಗುತ್ತಾರೆ.

ಯಾಕೆ ಎಂದು ಕೇಳಬೇಡಿ. ಲೈಬ್ರರಿಯಮ್ಮನ ಅಪ್ಪನ ರೀಲಿನಲ್ಲಿ ಮಚ್ಚೆ ಹೋಯಿತು, ಒಪ್ಪುತ್ತೇನೆ. ಆ ಮನುಷ್ಯ ಕಿಟಕಿಯ ಪಕ್ಕ ನಿಂತು ಗಡ್ಡ ಹೆರೆದುಕೊಳ್ಳುವ ಒಂದೇ ಒಂದು ತುಣುಕು, ಎಡಗೆನ್ನೆಯ ಮೇಲೆ ಮಚ್ಚೆ. ತಮ್ಮ ಸ್ಕ್ಯಾನರಿನ ಗಾಜಿನ ಮೇಲೆ ಒರೆಸದ ಧೂಳು ಅಷ್ಟಿತ್ತು, ಅದನ್ನು ತೆಗೆಯುವ ಭರದಲ್ಲಿ ಮಚ್ಚೆಯನ್ನೂ ತೆಗೆದುಬಿಟ್ಟೆ. ಆಯಮ್ಮ ನೋಡಿ "ಇವ್ರು ನಮ್ಮಪ್ಪ ಅಲ್ಲ" ಎಂದು ಅತ್ತಾಗ ನಾನು ಕೈ ಮುಗಿದು ತಪ್ಪಾಯಿತು ಎಂದೆ. ಆದರೆ ತಾವು ಆಯಮ್ಮನ ಮುಂದೆ, ನಾನು ಪಕ್ಕದಲ್ಲಿ ನಿಂತಿರುವಾಗಲೇ ಏನು ಹೇಳಿದಿರಿ? "ಇವ್ನ ಕೈಗೆ ಕೊಟ್ಟಿದ್ದೇ ನನ್ನ ತಪ್ಪು." ಗಾಜಿನ ಧೂಳಿನ ವಿಷಯ ಮಾತ್ರ ತಮ್ಮ ಬಾಯಿಂದ ಬರಲಿಲ್ಲ.

ಟವೆಲ್ ಅಲ್ಲೇ ಇರುತ್ತದೆ.

ಇಂತಿ ತಮ್ಮ ವಿಧೇಯ


ಫೆಬ್ರವರಿ ೧೧

ತಮ್ಮಾ,

ಮೊದಲು ಆ "ತಾವು", "ತಮ್ಮ" ನಿಲ್ಲಿಸು. ನಿನ್ನ ಮೂಗು ಒರೆಸಿದ ಕೈ ಇದು. ಓದುತ್ತಿದ್ದರೆ ಬ್ಯಾಂಕಿನವರು ನೋಟೀಸು ಕಳಿಸಿದ ಹಾಗಿದೆ.

ಎರಡನೆಯದು, ತಾಮ್ರ ಬೇಡ. ನಾನು ಅಂಗಡಿಗೆ ಹೋಗಿ ವಿಚಾರಿಸಿ ಬಂದೆ. ಆ ಕಾರ್ಡು ಸಿಕ್ಕಾಪಟ್ಟೆ ಕಾಯುತ್ತದಂತೆ. ನನ್ನ ಕಂಪ್ಯೂಟರ್ ಮೊದಲೇ ಉಸಿರು ಕಟ್ಟಿಕೊಂಡು ಬದುಕಿದೆ. ಫೈಬರ್ ಹಾಕೋಣ. ಕೂದಲಿನಂಥ ಗಾಜಿನ ಎಳೆ, ಅದರೊಳಗೆ ಬೆಳಕು ಓಡುತ್ತದೆ. ತಣ್ಣಗಿರುತ್ತದೆ. ನಮ್ಮ ಹೊಟ್ಟೆ ತುಂಬಿಸಿದ್ದು ಬೆಳಕೇ ಅಲ್ಲವೇನೋ? ಬೆಳಕನ್ನು ಫಿಲ್ಮಿನ ಪಟ್ಟಿಯ ಮೂಲಕ ಹಾಯಿಸಿಯೇ ಇಷ್ಟು ವರ್ಷ ಅನ್ನ ತಿಂದಿದ್ದೇವೆ. ಈಗ ಅದು ಎಳೆಯೊಳಗೆ ಹೋಗುತ್ತದೆಂದರೆ ನಿನಗೇನು ಕಷ್ಟ?

ಮತ್ತೆ, ನಿನ್ನ ಕಂಪ್ಯೂಟರಿನಲ್ಲಿ ಕಾರ್ಡು ಕೂರಿಸಲು ಖಾಲಿ ಸ್ಲಾಟ್ ಇದೆಯೋ ಇಲ್ಲವೋ ನೋಡಿ ಬರೆ. ಉದ್ದದ್ದಾ, ಗಿಡ್ಡದ್ದಾ ಎಂದು ಅಂಗಡಿಯವನು ಕೇಳಿದ. ನಾನು ಬೆಬ್ಬೆಬ್ಬೆ ಎಂದು ನಿಂತೆ.

ರೂಮಿನ ವಿಷಯ ಓದಿದೆ. ಬೇಕರಿಯ ಮೇಲೆ ಕೂತು ಎಡಿಟಿಂಗ್ ಮಾಡಿದರೆ ಬೇಸಿಗೆಯಲ್ಲಿ ನೀನೂ ಬ್ರೆಡ್ಡಿನ ಜತೆ ಬೇಯುತ್ತೀಯ. ಆಮೇಲೆ ನನ್ನ ದೂರಬೇಡ.

ಅಣ್ಣ


ಫೆಬ್ರವರಿ ೧೫

ಅಣ್ಣನವರಿಗೆ,

ಕಂಪ್ಯೂಟರ್ ಬಿಚ್ಚಿ ನೋಡಿದೆ. ಒಂದು ಉದ್ದದ ಸ್ಲಾಟ್ ಖಾಲಿಯಿದೆ, ಎರಡರಲ್ಲಿ ಯಾವ ಕಾರ್ಡಾದರೂ ಕೂರುತ್ತದೆ. ಒಳಗೆ ಒಂದು ಜಿರಳೆಯೂ ಸಿಕ್ಕಿತು. ಅದನ್ನು ಹೊರಗೆ ಹಾಕಿದ್ದೇನೆ, ಅದರ ಬಗ್ಗೆ ಸಹಿ ಮಾಡಿದ ಹೇಳಿಕೆ ಬೇಕಿದ್ದರೆ ಅತ್ತಿಗೆ ಕೇಳಲಿ.

ಗಾಜು ಬೇಡವೇ ಬೇಡ. ತೂತಿನಿಂದ ಇಳಿದ ಮೇಲೆ ಕೇಬಲ್ ತಮ್ಮ ಬೀರುವಿನ ಹಿಂದೆ ತಿರುಗಬೇಕು. ಅಲ್ಲಿ ತಾವು ರೀಲಿನ ಡಬ್ಬಗಳನ್ನು ಹೇಗೆ ಒತ್ತುತ್ತೀರೆಂದು ನನಗೆ ಗೊತ್ತು. ಫೈಬರ್ ಮಡಿಸಿದರೆ ಮುಗಿಯಿತು. ಮೊದಲನೇ ವಾರದಲ್ಲೇ ಮುರಿದು, ನಾನೇ ಮೇಲಿಂದ ಎಳೆದು ಮುರಿದೆ ಎಂದು ಯಾವುದಾದರೂ ಗಿರಾಕಿಯ ಮುಂದೆ ಹೇಳುತ್ತೀರಿ. ತಾಮ್ರ ಕಾದರೆ ಕಾಯಲಿ, ಒಂದು ಫ್ಯಾನ್ ಹಾಕಿದರಾಯಿತು.

ಒಂದು ಮಾತ್ರ ನೆನಪಿಡಿ. ಏನೇ ತಂದರೂ ಎರಡು ಕಡೆಯೂ ಒಂದೇ ಬಗೆಯದಿರಬೇಕು. ಒಂದು ಕಡೆ ತಾಮ್ರ, ಇನ್ನೊಂದು ಕಡೆ ಗಾಜು ಆದರೆ ಕಾರ್ಡುಗಳು ಒಂದಕ್ಕೊಂದು ಮುಖ ನೋಡುವುದಿಲ್ಲ. ಒಂದೇ ಮನೆಯಲ್ಲಿದ್ದರೂ ಅಷ್ಟೇ, ಇದು ತಮಗೆ ವಿವರಿಸಿ ಹೇಳಬೇಕಾಗಿಲ್ಲ.

ವಿಧೇಯ


ಮಾರ್ಚ್ ೨
(ಮೂಲ ಪ್ರತಿ ಮೇಲಿನ ಮನೆಗೆ, ನಕಲು ಕೆಳಗಿನ ಮನೆಗೆ)

ಇಬ್ಬರಿಗೂ,

ನಾನು ಕಾಗದ ಒಡೆದು ಓದುವವಳಲ್ಲ. ಆದರೆ ಎರಡು ವಾರದಿಂದ ನೀವಿಬ್ಬರೂ ಕಾಗದವನ್ನೂ ಬರೆಯುತ್ತಿಲ್ಲ, ಕಾರ್ಡನ್ನೂ ತರುತ್ತಿಲ್ಲ. ಡಿಸ್ಕ್ ಮಾತ್ರ ಕೆಳಗೆ ಮೇಜಿನ ತುದಿಯಲ್ಲಿ ತಪಸ್ಸು ಮಾಡುತ್ತಿದೆ. ಗಿರಾಕಿಗಳು ನನ್ನ ಕೋರ್ಟಿನ ಬಾಗಿಲಿಗೇ ಬಂದು "ನಮ್ಮ ರೀಲು ಏನಾಯ್ತಮ್ಮ?" ಎನ್ನುತ್ತಾರೆ. ಮೊನ್ನೆ ಜಡ್ಜ್ ಸಾಹೇಬರೇ ಕೇಳಿದರು, ಅವರ ಮದುವೆಯ ರೀಲೂ ನಿಮ್ಮ ಹತ್ತಿರವೇ ಇದೆಯಂತೆ. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮೈದುನ, ನಿನಗೆ: ಊಟದ ತಟ್ಟೆ ಮೇಲಕ್ಕೆ ತಂದುಕೊಡುವುದನ್ನೂ ನಿಲ್ಲಿಸುತ್ತೇನೆ. ಹಸಿವಾದರೆ ಕೆಳಗೆ ಬಂದು ಮೇಜಿನ ಮುಂದೆ ಕೂತು ತಿನ್ನು. ಮಾತಾಡಬೇಡ, ಬೇಡ ಎಂದವರು ಯಾರು, ತಿನ್ನು ಅಷ್ಟೇ.

ರೀ, ನಿಮಗೆ: ದಿನಕ್ಕೆ ಹತ್ತು ಸಲ ಸೂರು ನೋಡಿ ನಿಟ್ಟುಸಿರು ಬಿಡುವುದು ಬಿಡಿ. ಅಲ್ಲಿ ಕಾಣುವುದು ನಿಮ್ಮ ಟವೆಲಿನ ತುದಿ ಮಾತ್ರ. ಅದಕ್ಕೆ ಕಿವಿಯಿಲ್ಲ.

ತಾಮ್ರವೋ, ಗಾಜೋ, ಹಗ್ಗವೋ, ನನಗೆ ಒಂದೇ. ಈ ತಿಂಗಳೊಳಗೆ ಹಾಕದಿದ್ದರೆ ನಾನು ನನ್ನ ಅಕ್ಕನ ಮನೆಗೆ ಹೋಗುತ್ತೇನೆ. ಆಮೇಲೆ ಕಾಗದವನ್ನು ಪಾರಿವಾಳದ ಕಾಲಿಗೆ ಕಟ್ಟಿ ಕಳಿಸಿಕೊಳ್ಳಿ.

ನಿಮ್ಮಿಬ್ಬರ ಟಪಾಲಿನವಳು


ಮಾರ್ಚ್ ೧೦

ತಮ್ಮಾ,

ವಾದ ಸಾಕು. ನನ್ನ ಕಂಪ್ಯೂಟರಿಗೆ ಏನು ಹಾಕಬೇಕೋ ನಾನು ನೋಡಿಕೊಳ್ಳುತ್ತೇನೆ. ನೀನು ನಿನ್ನದನ್ನು ನೋಡಿಕೋ. ಕೇಬಲ್ಲಿನ ಚಿಂತೆಯೂ ನಿನಗೆ ಬೇಡ, ನಾನೇ ತರುತ್ತೇನೆ.

ನಿನ್ನೆ ಲೈಬ್ರರಿಯಮ್ಮ ಮತ್ತೆ ಬಂದಿದ್ದರು. ಏನು ಮಾತಾಯಿತು ಎಂದು ಈಗ ಬರೆಯುವುದಿಲ್ಲ. ಬರೆದರೆ ನೀನು ಅದರಲ್ಲೂ ಒಂದು ಕೊಂಕು ಹುಡುಕುತ್ತೀಯ.

ಮೊನ್ನೆ ಊಟಕ್ಕೆ ಬಂದಿದ್ದೆಯಲ್ಲ, ಉಪ್ಪಿನ ಡಬ್ಬ ತಳ್ಳಿದ್ದಕ್ಕೆ ಥ್ಯಾಂಕ್ಸ್ ಹೇಳಬೇಕೆಂದಿದ್ದೆ. ನೀನು ತಟ್ಟೆಯಿಂದ ತಲೆ ಎತ್ತಿದ್ದರೆ ಹೇಳುತ್ತಿದ್ದೆ.

ಅಣ್ಣ


ಮಾರ್ಚ್ ೧೪

ಅಣ್ಣನವರಿಗೆ,

ಬಂದವರು ನನ್ನ ಬಗ್ಗೆ ಏನು ಹೇಳಿರುತ್ತಾರೆ, ತಾವು ಏನು ಹೇಳಿರುತ್ತೀರಿ ಎಂದು ಊಹಿಸಬಲ್ಲೆ. ಬರೆಯದಿರುವುದೇ ಒಳ್ಳೆಯದು.

ರೂಮು ಹೇಳಿದ್ದಕ್ಕಿಂತ ಮೊದಲೇ ಖಾಲಿಯಾಯಿತು, ಬೇಕರಿಯವನು ಕೀ ಕೊಟ್ಟಿದ್ದಾನೆ. ಪಕ್ಕಾ ಹೇಳಲು ತಿಂಗಳ ಕೊನೆಯವರೆಗೆ ಸಮಯ ಕೇಳಿದ್ದೇನೆ. ಜಡ್ಜ್ ಸಾಹೇಬರ ಮದುವೆಯೂ ಸೇರಿ ಕೈಯಲ್ಲಿರುವ ರೀಲುಗಳನ್ನು ಮುಗಿಸಿಕೊಟ್ಟೇ ಹೋಗುತ್ತೇನೆ. ಅದಕ್ಕಾಗಿಯಾದರೂ ಲೈನ್ ಬೇಕು. ೨೩ನೇ ತಾರೀಕು ಭಾನುವಾರ, ಅತ್ತಿಗೆಗೂ ರಜೆ. ಅವತ್ತು ಬೆಳಗ್ಗೆ ಟವೆಲ್ ತೆಗೆಯುತ್ತೇನೆ, ಕೇಬಲ್ ಹೋದ ಮೇಲೆ ಮತ್ತೆ ತುರುಕುತ್ತೇನೆ. ಕೇಬಲ್ ತಾವು ತರುವುದು ಬೇಡ, ನಾನೇ ತಂದಿದ್ದೇನೆ.

ಉಪ್ಪಿನ ಡಬ್ಬ ನಾನು ತಳ್ಳಲಿಲ್ಲ. ಕೈ ತಗುಲಿ ಜರುಗಿರಬೇಕು.

ವಿಧೇಯ


ಮಾರ್ಚ್ ೨೩, ಭಾನುವಾರ

ಅಣ್ಣಾ,

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ಬೆಳಗ್ಗೆ ನಾನು ನೆಲದ ಮೇಲೆ ಮಂಡಿಯೂರಿ, ಟವೆಲ್ ಕಿತ್ತು, ಗಾಜಿನ ಎಳೆಯನ್ನು ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಮೆಲ್ಲಗೆ ಕೆಳಗೆ ಬಿಡುತ್ತಿದ್ದೇನೆ, ಅಷ್ಟರಲ್ಲಿ ಅದೇ ತೂತಿನಿಂದ ನೀಲಿ ಬಣ್ಣದ ತಾಮ್ರದ ಕೇಬಲ್ ಒಂದು ನನ್ನ ಮೂಗಿನ ಮುಂದೆಯೇ ತಲೆ ಎತ್ತಬೇಕೆ? ನಾನು ಅದನ್ನು ಕೆಳಗೆ ತಳ್ಳಿದೆ. ನೀವು ನನ್ನದನ್ನು ಮೇಲೆ ತಳ್ಳಿದಿರಿ. ಹೀಗೆ ಅರ್ಧ ಬೆಳಗು ಇಬ್ಬರೂ ಬಾಯಿ ಬಿಡದೆ ತಳ್ಳಾಡಿದೆವು.

ಯಾರು ಹೇಳಿದ್ದು ನಿಮಗೆ ನನ್ನ ಮಾತು ಕೇಳಿ ಎಂದು? ಹುಟ್ಟಿದಾಗಿನಿಂದ ಒಂದು ಸಲ ನನ್ನ ಮಾತಿಗೆ ಸೊಪ್ಪು ಹಾಕದವರು ಈಗಲೇ ಹಾಕಬೇಕಿತ್ತೆ? ಅಣ್ಣ ಬೆಳಕು ಬೆಳಕು ಎಂದು ಅಷ್ಟು ಆಸೆಯಿಂದ ಬರೆದಿದ್ದಾನೆ, ಹೋಗುವ ಮುಂಚೆ ಒಂದು ಸಲ ಅವನಿಷ್ಟದಂತೆಯೇ ಆಗಲಿ ಎಂದು ನಾನು ಫೈಬರ್ ಕಾರ್ಡ್ ತಂದು, ಕೂರಿಸಿ, ಸ್ಕ್ರೂ ಕೂಡ ಬಿಗಿದು ಕೂತಿದ್ದೇನೆ. ಪೆಟ್ಟಿಗೆ ಹರಿದಾಗಿದೆ, ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಈಗ ಏನು ಮಾಡಬೇಕು ಎಂದು ನೀವೇ ಹೇಳಿ. ನನ್ನ ತಲೆ ಓಡುತ್ತಿಲ್ಲ.

ತಮ್ಮ


ಮಾರ್ಚ್ ೨೩, ಭಾನುವಾರ

ತಮ್ಮಾ,

ಹಟಮಾರಿ ಎಂದು ನಿನ್ನನ್ನು ನಂಬಿದ್ದೆ. ಆ ನಂಬಿಕೆಗೂ ದ್ರೋಹ ಮಾಡಿದೆಯಲ್ಲೋ!

ನೀನು ತಾಮ್ರ ಬಿಟ್ಟು ಬೇರೆ ತರುವವನಲ್ಲ ಎಂದು ಲೆಕ್ಕ ಹಾಕಿ, ನಾನು ಗಾಜಿನ ಆಸೆ ಬಿಟ್ಟು, ತಾಮ್ರದ ಕಾರ್ಡು ತಂದೆ. ಅದು ಕಾಯುತ್ತದೆಂದು ಒಂದು ಫ್ಯಾನನ್ನೂ ತಂದೆ. ಬೀರುವನ್ನು ಗೋಡೆಯಿಂದ ಒಬ್ಬನೇ ಜರುಗಿಸಿದೆ, ಸೊಂಟ ಹಿಡಿದುಕೊಂಡಿದೆ. ಎಲ್ಲ ಮುಗಿಸಿ ಸ್ಟೂಲಿನ ಮೇಲೆ ನಿಂತು ಕೇಬಲ್ ಮೇಲಕ್ಕೆ ಕೊಟ್ಟರೆ, ನೀನು ಗಾಜು ಇಳಿಸುತ್ತೀಯ. ಇಡೀ ಜನ್ಮದಲ್ಲಿ ಒಂದು ಸಲ ಅಣ್ಣನ ಮಾತು ಕೇಳಬೇಕೆನಿಸಿದರೆ ಮೊದಲೇ ಒಂದು ಸಾಲು ಬರೆಯಬಾರದೇ? ಜಿರಳೆಯ ಬಗ್ಗೆ ಬರೆಯಲು ನಿನಗೆ ಜಾಗವಿತ್ತು.

ನನ್ನ ಕಾರ್ಡಿನ ಪೆಟ್ಟಿಗೆ ಹರಿದಿದೆ. ವೇಗದ ಕಾರ್ಡುಗಳು ಎರಡಿವೆ, ವೇಗ ಮಾತ್ರ ಇಲ್ಲ. ಮೇಲಿಂದ ಒಂದು, ಕೆಳಗಿಂದ ಒಂದು ಕೇಬಲ್ ತೂತಿನಲ್ಲಿ ನೇತಾಡುತ್ತಿವೆ. ನನಗೆ ಅಳಬೇಕೋ ನಗಬೇಕೋ ತಿಳಿಯುತ್ತಿಲ್ಲ.

ಅಣ್ಣ


ಮಾರ್ಚ್ ೨೩, ಸಂಜೆ
(ಮೂಲ ಪ್ರತಿ ಮೇಲಕ್ಕೆ, ನಕಲು ಕೆಳಕ್ಕೆ)

ಇಬ್ಬರಿಗೂ,

ಈ ದಿನ ಒಂದೇ ಹೊತ್ತಿಗೆ ಇಬ್ಬರ ಕಾಗದವನ್ನೂ ಹಿಡಿದು ಮೆಟ್ಟಿಲಿನ ನಡುವೆ ನಿಂತೆ. ಮೇಲೆ ಹತ್ತಲೋ, ಕೆಳಗೆ ಇಳಿಯಲೋ ಗೊತ್ತಾಗದೆ ಅಲ್ಲೇ ಕೂತುಬಿಟ್ಟೆ. ಆಮೇಲೆ ಇದನ್ನು ಬರೆಯುತ್ತಿದ್ದೇನೆ.

ನನಗೆ ಎರಡೂ ಗೊತ್ತಿತ್ತು. ಕಳೆದ ವಾರ ಮೈದುನ ಮೆಟ್ಟಿಲಿನಲ್ಲಿ ನಿಲ್ಲಿಸಿ, "ಅತ್ತಿಗೆ, ಅಣ್ಣನಿಗೆ ಹೇಳ್ಬೇಡಿ, ನಾನು ಗಾಜಿಂದೇ ತಂದಿದೀನಿ" ಎಂದ. ಎರಡು ದಿನ ಬಿಟ್ಟು ಇವರು ಅಡುಗೆಮನೆಗೆ ಬಂದು, "ಅವ್ನಿಗೆ ಗೊತ್ತಾಗೋದ್ ಬೇಡ, ತಾಮ್ರದ್ದೇ ತಂದೆ ಕಣೇ" ಎಂದರು. ಇಬ್ಬರೂ ಆಣೆ ಹಾಕಿಸಿಕೊಂಡಿರಿ. ಬಾಯಿಮಾತು ಸಾಗಿಸುವುದಿಲ್ಲ ಎಂದು ಕಾನೂನು ಮಾಡಿದವಳು ನಾನೇ, ಮುರಿಯುವುದು ಹೇಗೆ? ಬರೆದು ಕೊಟ್ಟಿದ್ದರೆ ತಲುಪಿಸುತ್ತಿದ್ದೆ. ಸೋಲುವುದನ್ನು ಮಾತ್ರ ಇಬ್ಬರೂ ಬರೆದು ಕೊಡಲಿಲ್ಲ.

ನಿಜ ಹೇಳಬೇಕೆಂದರೆ, ಹೇಳಲು ಮನಸ್ಸೂ ಬರಲಿಲ್ಲ. ನನ್ನನ್ನು ಈ ಪರಿ ಕುಣಿಸಿದ್ದಕ್ಕೆ ನೀವಿಬ್ಬರೂ ಒಂದು ಬೆಳಗ್ಗೆಯಾದರೂ ಒಂದೇ ತೂತಿನ ಮುಂದೆ ಒದ್ದಾಡುವುದನ್ನು ನೋಡಬೇಕಿತ್ತು. ನೋಡಿದೆ. ಹೊಟ್ಟೆ ತಣ್ಣಗಾಯಿತು.

ಈಗ ಕೇಳಿ. ಅಂಗಡಿಗೆ ನಾನೂ ಹೋಗಿದ್ದೆ. ನನ್ನ ಹೊಲಿಗೆಯ ಬೆರಳಟೋಪಿಗಿಂತ ಸ್ವಲ್ಪ ಉದ್ದದ ಒಂದು ತುಂಡು ಕೊಟ್ಟಿದ್ದಾರೆ. ಅದರ ಒಂದು ತುದಿ ಮೇಲಿನವನ ಗಾಜಿನ ಕಾರ್ಡಿನೊಳಗೆ ಹೋಗುತ್ತದೆ, ಇನ್ನೊಂದು ತುದಿಗೆ ಕೆಳಗಿನವರ ತಾಮ್ರದ ಕೇಬಲ್ ಚುಚ್ಚಬಹುದು. ಯಾರೂ ಏನನ್ನೂ ವಾಪಸ್ ಕೊಡಬೇಕಾಗಿಲ್ಲ. "ಒಂದೇ ತೊಂದರೆ, ಇದು ತುಂಬಾ ಬಿಸಿಯಾಗುತ್ತೆ ಮೇಡಂ" ಎಂದರು. ಎರಡರ ನಡುವೆ ಸಿಕ್ಕಿಕೊಂಡದ್ದು ಬಿಸಿಯಾಗದೆ ಇನ್ನೇನಾಗುತ್ತದೆ, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದು ತೆಗೆದುಕೊಂಡು ಬಂದೆ.

ಆ ತುಂಡು ನನ್ನ ಕೈಚೀಲದಲ್ಲಿದೆ. ನಾನು ಮೇಲೂ ತರುವುದಿಲ್ಲ, ಕೆಳಗೂ ತರುವುದಿಲ್ಲ. ಮೆಟ್ಟಿಲಿನ ನಡುವೆ ಕೂತಿದ್ದೇನೆ. ಬೇಕಾದವರು ಬಂದು ಇಸಿದುಕೊಳ್ಳಿ. ಇಬ್ಬರೂ ಬಂದರೆ ಮಾತ್ರ ಕೊಡುತ್ತೇನೆ. ಬೇಗ ಬನ್ನಿ, ಮೆಟ್ಟಿಲು ತಣ್ಣಗಿದೆ, ನನಗೆ ಮಂಡಿ ನೋವು.

ಇದು ನನ್ನ ಕೊನೆಯ ಟಪಾಲು.


ಮಾರ್ಚ್ ೨೬

ತಮ್ಮಾ,

ನಿನ್ನ ಅತ್ತಿಗೆ ಇದನ್ನು ತರಲು ಒಪ್ಪಲಿಲ್ಲ. ನಾನೇ ಮೇಲೆ ಬಂದು ಬಾಗಿಲ ಸಂದಿಯಲ್ಲಿ ಹಾಕಿ ಹೋಗುತ್ತಿದ್ದೇನೆ. ತೂತು ತೆರೆದಿದೆ, ಕೂಗಿ ಹೇಳಬಹುದಿತ್ತು. ಅವತ್ತು ಇಬ್ಬರೂ ಮೆಟ್ಟಿಲಿಗೆ ಬಂದು ಆ ತುಂಡು ಇಸಿದುಕೊಂಡಾಗಿನಿಂದ, ಈ ಮೂರು ದಿನ ಬರೀ "ಬಂತಾ?", "ಬಂತು", "ಬಿಸಿಯಾಯ್ತಾ?", "ಆಯ್ತು" ಎಂದೇ ಕೂಗುತ್ತಿದ್ದೇವೆ. ಇದನ್ನು ಕೂಗಲು ನನಗೆ ಬಾಯಿ ಬರಲಿಲ್ಲ.

ಅವತ್ತು ಲೈಬ್ರರಿಯಮ್ಮ ಬಂದದ್ದು ಜಗಳಕ್ಕಲ್ಲ. ಮನೆಯಲ್ಲಿ ಇನ್ನೂ ರೀಲುಗಳಿದ್ದವಂತೆ, ತಂದಿದ್ದರು. "ಮೊದಲ್ನೇದನ್ನ ಇನ್ನೊಂದ್ಸಲ ಮಾಡಿಕೊಡಕ್ಕಾಗುತ್ತಾ?" ಎಂದು ಕೇಳಿದರು. ನಾನು, "ನನ್ನ ತಮ್ಮ ಮಾಡಿಕೊಡ್ತಾನೆ. ಈ ಕೆಲಸ ಅವ್ನ ಹಾಗೆ ಮಾಡೋರು ಇನ್ನೊಬ್ರಿಲ್ಲ. ಅವತ್ತು ಧೂಳಿದ್ದಿದ್ದು ನನ್ನ ಗಾಜಿನ ಮೇಲೆ" ಎಂದೆ. ಆಯಮ್ಮನ ಮುಂದೆ ಹೇಳಿದ್ದನ್ನು ಆಯಮ್ಮನ ಮುಂದೆಯೇ ತಿದ್ದಿದೆ. ನೀನು ಪಕ್ಕದಲ್ಲಿರಲಿಲ್ಲ, ಅದೊಂದೇ ಕೊರತೆ.

ಆ ರೀಲನ್ನು ಮತ್ತೆ ಸ್ಕ್ಯಾನ್ ಮಾಡಿದ್ದೇನೆ. ಮೊದಲು ಗಾಜು ಒರೆಸಿದೆ. ಎರಡು ಸಲ. ಈಗ ಲೈನಿನಲ್ಲಿ ಮೇಲಕ್ಕೆ ಕಳಿಸುತ್ತಿದ್ದೇನೆ. ನಾನು ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ನಿನ್ನ ಹತ್ತಿರ ಇರುತ್ತದೆ. ಇಷ್ಟು ವೇಗ ಯಾಕೆ ಬೇಕಿತ್ತೋ, ನನಗೆ ಇನ್ನೊಂದು ಸ್ವಲ್ಪ ಸಮಯ ಸಿಕ್ಕಿದ್ದರೆ ಚೆನ್ನಾಗಿತ್ತು.

ಹೋಗುವುದಿದ್ದರೆ ಇದನ್ನು ಮಾಡಿ ಹೋಗು. ಹೋಗಬೇಡ ಎಂದು ಹೇಳುವ ಮುಖ ನನಗಿಲ್ಲ. ಆದರೂ ಹೇಳುತ್ತೇನೆ, ಹೋಗಬೇಡ.

ಅಣ್ಣ


ಮಾರ್ಚ್ ೨೮

ಅಣ್ಣಾ,

ಫೈಲು ಬಂತು. ಒಂದೊಂದೇ ಚಿತ್ರ ಬಿಡಿಸಿ, ಕೈಯಲ್ಲೇ ಕೊಳೆ ತೆಗೆದೆ. ಎಡಗೆನ್ನೆಯ ಮಚ್ಚೆ ಇದ್ದಲ್ಲೇ ಇದೆ. ರೇಜರ್ ಅದರ ಹತ್ತಿರ ಬಂದಾಗ ಲೈಬ್ರರಿಯಮ್ಮನ ಅಪ್ಪ ಒಂದು ಕ್ಷಣ ನಿಧಾನ ಮಾಡುತ್ತಾರೆ, ನೋಡಿದ್ದೀಯಾ? ಹೋದ ಸಲ ಮಚ್ಚೆ ತೆಗೆದಿದ್ದರಿಂದ ಯಾಕೆ ನಿಧಾನ ಮಾಡಿದರೆಂದೇ ತಿಳಿಯುತ್ತಿರಲಿಲ್ಲ. ನಾಳೆ ಆಯಮ್ಮನಿಗೆ ತೋರಿಸುವಾಗ ನಾನೂ ಕೆಳಗೆ ಬಂದು ನಿಲ್ಲುತ್ತೇನೆ. ನೀನು ಏನೂ ಹೇಳಬೇಡ, ಸುಮ್ಮನೆ ಪಕ್ಕದಲ್ಲಿರು.

ಗಾಜು ಒರೆಸಿದ್ದು ಎದ್ದು ಕಾಣುತ್ತದೆ. ಇದನ್ನು ಮೊದಲೇ ಮಾಡಿದ್ದರೆ ನನ್ನ ಆಯಸ್ಸು ಉಳಿಯುತ್ತಿತ್ತು.

ಬೇಕರಿಯವನಿಗೆ ಕೀ ವಾಪಸ್ ಕೊಟ್ಟು ಬಂದೆ. ನೀನು ಹೇಳಿದ್ದು ನಿಜ, ಅಲ್ಲಿ ಈಗಲೇ ಕುಲುಮೆಯ ಹಾಗೆ ಕಾದಿದೆ. ಅತ್ತಿಗೆಯ ಆ ತುಂಡೂ ಕಾಯುತ್ತದೆ, ನೀನು ತಂದಿದ್ದ ಫ್ಯಾನನ್ನು ಮೇಲಕ್ಕೆ ಕೊಡು, ಅದರ ಮುಂದೆ ಇಡುತ್ತೇನೆ.

ಈ ಕಾಗದದ ಜತೆ ನಿನ್ನ ಟವೆಲ್ ಇಟ್ಟಿದ್ದೇನೆ. ಒಗೆದು, ಇಸ್ತ್ರಿ ಮಾಡಿದ್ದೇನೆ. ಇನ್ನು ಅದು ನಿನ್ನ ಹತ್ತಿರವೇ ಇರಲಿ.

ತಮ್ಮ